ಬೀಜಕ್ಕೆ ಬಿಟ್ಟ ಹುಲ್ಲು

ಈಗಲೂ ಒಣ ಕರಡ ಹುಲ್ಲಿನ ವಾಸನೆ ಬಂದರೆ ನನ್ನ ಬಲಗೈ ತಾನಾಗಿ ಮುಷ್ಟಿ ಕಟ್ಟುತ್ತದೆ.

ಘಾಟಬೋರಾಳದಲ್ಲಿ ಊರ ದನ ಮೇಯುವ ಬಯಲಿಗೆ ಗಾಯರಾಣ ಅನ್ನುತ್ತಿದ್ದೆವು. ದೀಪಾವಳಿ ಮುಗಿದ ಮೇಲೆ ಅಲ್ಲಿ ಕರಡ ಕೊಯ್ಯುತ್ತಿದ್ದೆವು. ಹತ್ತು ಹೆಜ್ಜೆ ಕೊಯ್ದರೆ ಒಂದು ಹೆಜ್ಜೆಯಷ್ಟು ಹುಲ್ಲನ್ನು ಬೀಜಕ್ಕೆಂದು ಬಿಡುವುದು ಎಲ್ಲರ ವಾಡಿಕೆ. ಒಂದು ಮಧ್ಯಾಹ್ನ, ಎಲ್ಲರಿಗಿಂತ ದೊಡ್ಡ ಹೊರೆ ಕಟ್ಟುವ ಹಟಕ್ಕೆ ಬಿದ್ದು ನಾನು ಅದನ್ನೂ ಕೊಯ್ದುಬಿಟ್ಟೆ.

ಆಯಿ, ಅಂದರೆ ಅಪ್ಪನ ಅವ್ವ, ಬೈಯಲಿಲ್ಲ. ನನ್ನ ಹೊರೆಯ ಹಗ್ಗ ಬಿಚ್ಚಿದಳು.

"ತೆನಿ ಆರಿಸು. ಕೊಯ್ದ ಜಾಗಾದಾಗೇ ಬಡದು ಉದುರಿಸು."

"ಯಾಕ ಆಯಿ? ಇದೇನು ನಮ್ಮ ಹೊಲ ಅಲ್ಲ. ಯಾರೂ ಬಿತ್ತಿಲ್ಲ."

"ಯಾರೂ ಬಿತ್ತಿಲ್ಲಂತ ನಿನಗ್ಯಾರು ಹೇಳ್ಯಾರ?"

"ಮನ್ಯಾಗ ಎಮ್ಮಿ ಹಸದಿರ್ತದ."

"ಇರಲಿ. ಬಡಿ."

ಹೊತ್ತು ಇಳಿಯುವ ತನಕ ಬಡಿದೆ. ತೆನೆಯ ಚೂಪು ಕೂದಲು ಅಂಗೈ ತುಂಬ ಚುಚ್ಚಿದವು. ಆಯಿ ನನ್ನ ಹಿಂದೆಯೇ ಬರಿಗಾಲಲ್ಲಿ ಬಂದು, ಉದುರಿದ ಬೀಜವನ್ನು ಹಿಮ್ಮಡಿಯಿಂದ ಮಣ್ಣಿಗೆ ಒತ್ತುತ್ತಾ ನಡೆದಳು.

ಮರುವರ್ಷ ಅದೇ ಜಾಗದಲ್ಲಿ ಕರಡ ನನ್ನ ಸೊಂಟದೆತ್ತರ ನಿಂತಿತ್ತು. ಆಯಿ ನನ್ನ ಕೈಗೆ ಕುಡುಗೋಲು ಕೊಟ್ಟು, ಬೆನ್ನು ತಿರುಗಿಸಿ ಕೂತಳು.

ಹತ್ತು ಹೆಜ್ಜೆ ಕೊಯ್ದು, ನಾನು ಎರಡು ಹೆಜ್ಜೆ ಬಿಟ್ಟೆ.