ಬೆಳೆಯದ ಮೀನುಗಳು

ಕಾರ್ಖಾನೆ ಬಂದ ಮೇಲೆ ಊರ ಬಾವಿಯ ನೀರಿಗೆ ಎಂಥದೋ ವಾಸನೆ ಹತ್ತಿತ್ತು. ಬಸುರಿ ಸೊಸೆ ಲೋಟ ಹಿಡಿದು ಹಿಂಜರಿದಾಗಲೆಲ್ಲ ಅತ್ತೆ ಗದರುತ್ತಿದ್ದಳು.

"ಬಾವಿಗೆ ನಾನೇ ಮೀನು ಬಿಟ್ಟಿದ್ದೀನಿ. ಅವು ಆಡ್ತಿರೋವರೆಗೂ ನೀರಿಗೇನೂ ಆಗಿಲ್ಲ, ಕುಡಿ."

"ವರ್ಷವಾದ್ರೂ ಅವು ಒಂಚೂರೂ ಬೆಳೆದಿಲ್ವಲ್ಲ, ಅತ್ತೆ?"

"ಕಣ್ಣು ಹಾಕ್ಬೇಡ, ಸುಮ್ನಿರು!"

ರಾತ್ರಿ ಪಾಳಿಗೆ ಹೊರಟಿದ್ದ ಗಂಡ ನಕ್ಕ. "ಮೀನಿಗಿಂತ ನಿಂಗೇ ಜಾಸ್ತಿ ಗೊತ್ತಾ?"

ಮರುದಿನ ಅವಳು ಎಲ್ಲರಿಗಿಂತ ಮೊದಲೇ ನೀರಿಗೆ ಹೋದಳು. ಬಾವಿಕಟ್ಟೆಯ ಮೇಲೆ ಕಾರ್ಖಾನೆಯ ಸಮವಸ್ತ್ರದವನೊಬ್ಬ ಬಗ್ಗಿ, ಸತ್ತು ತೇಲುತ್ತಿದ್ದ ಮೀನುಗಳನ್ನು ಉದ್ದ ಕೋಲಿನ ಬಲೆಯಿಂದ ಎತ್ತುತ್ತಿದ್ದ. ಪಕ್ಕದ ಬಕೆಟ್ಟಿನಲ್ಲಿ ಅಷ್ಟೇ ಗಾತ್ರದ ಹೊಸ ಮೀನುಗಳು ಮಿಸುಕುತ್ತಿದ್ದವು.

ಬಳೆಯ ಸದ್ದಿಗೆ ಬೆಚ್ಚಿ ತಿರುಗಿದವನು ಅವಳ ಗಂಡ.