ಬಾಕಿ ಬಟ್ಟೆ ಇಲ್ಲ

"ಬಟ್ಟೆ ರೆಡಿ ಇದೆ ಅಂತ ಮೆಸೇಜು ನೀವೇ ತಾನೇ ಕಳಿಸಿದ್ದು? ಇನ್ನೊಂದು ಗಂಟೆಯಲ್ಲಿ ನನಗೆ ಇಂಟರ್‌ವ್ಯೂ ಇದೆಯಮ್ಮಾ. ಆ ಕೋಟು ಇಲ್ಲದೆ ನಾನು ಅವರ ಮುಂದೆ ಹೋಗಿ ಕೂರೋ ಹಾಗಿಲ್ಲ."

ಗಿರಾಕಿ ತಮ್ಮ ಫೋನನ್ನು ಲಾಂಡ್ರಿಯ ಕೌಂಟರಿನ ಮೇಲಿಟ್ಟು, ಅಂಗಡಿ ನೋಡಿಕೊಳ್ಳುವ ಅಕ್ಕನ ಕಡೆಗೆ ತಿರುಗಿಸಿ ತೋರಿಸಿದರು. ತಲೆಗೆ ಹೊಸದಾಗಿ ಬಣ್ಣ ಹಚ್ಚಿಕೊಂಡಿದ್ದರು. ಕಿವಿಯ ಅಂಚಿನಲ್ಲಿ ಅದು ಇನ್ನೂ ಹೋಗಿರಲಿಲ್ಲ. ಮಕ್ಕಳಿಗೆ ಕೆಲಸ ಹುಡುಕಬೇಕಾದ ವಯಸ್ಸಿನಲ್ಲಿ ತಾವೇ ಕೆಲಸ ಹುಡುಕುತ್ತಿರುವವರು ಎಂದು ಅಕ್ಕನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಹಿಂದೆ ತಿರುಗಿ ಕೂಗಿದಳು: "ತಮ್ಮಾ, ಇವರ ಕಪ್ಪು ಕೋಟು ಯಾವ ಸಾಲಲ್ಲಿದೆ ನೋಡೋ."

ತಮ್ಮ ಇಸ್ತ್ರಿ ಮೇಜಿನ ಕೆಳಗಿನಿಂದ ತಲೆ ಹೊರಗೆ ಹಾಕಿದ. ಅವನ ಸರ್ವರ್ ಇದ್ದದ್ದು ಅಲ್ಲಿ. ಅಂಗಡಿಯ ಲೆಕ್ಕ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಯಾಕೆ ಇರಬೇಕು ಎಂದು, ವಿಡಿಯೊ ನೋಡಿ ನೋಡಿ ಕಲಿತು, ಹಳೇ ಕಂಪ್ಯೂಟರೊಂದಕ್ಕೆ ಜೀವ ತುಂಬಿ ಅವನೇ ಕಟ್ಟಿದ್ದು. ಗೋಡೆಯ ಮೇಲೆ ದೊಡ್ಡ ಪರದೆ. ಅದರ ಮೇಲೆ ರಸೀದಿ, ಮೆಸೇಜು, ಬ್ಯಾಕಪ್ ಎಂದು ಒಂದೊಂದು ಚೌಕ. ಪ್ರತಿ ಚೌಕದ ಮೂಲೆಯಲ್ಲೂ ಹಸಿರು ಚುಕ್ಕೆ. ಇದಕ್ಕೆ ಅವನು ಡ್ಯಾಶ್‌ಬೋರ್ಡ್ ಎನ್ನುತ್ತಿದ್ದ. ಅಕ್ಕ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ನಿನ್ನ ದೇವರ ಗೂಡು ಎನ್ನುತ್ತಿದ್ದಳು.

"ಬೆಳಿಗ್ಗೇನೇ ಎಲ್ಲ ಅಪ್‌ಡೇಟ್ ಮಾಡಿದೆ ಅಕ್ಕಾ. ನೋಡು, ಒಂದೂ ಕೆಂಪಿಲ್ಲ," ಎಂದ ತಮ್ಮ, ಮೊಣಕಾಲಿನ ಧೂಳು ಕೊಡವಿಕೊಳ್ಳುತ್ತ. ಆಮೇಲೆ ಗಿರಾಕಿಗೂ ಒಂದಿಷ್ಟು ತಿಳಿವಳಿಕೆ ಇರಲಿ ಎಂದು ಶುರುಮಾಡಿದ: "ಇದರೊಳಗೆ ಒಂದೊಂದು ಕೆಲಸಕ್ಕೂ ಒಂದೊಂದು ಕಂಟೇನರ್ ಸಾರ್. ಡಬ್ಬಿ ಅಂದ್ಕೊಳ್ಳಿ. ಒಂದು ಕೆಟ್ಟರೆ ಇನ್ನೊಂದಕ್ಕೆ ತಾಗಲ್ಲ. ಅವರವರ ಪಾಡಿಗೆ ಅವರು."

"ನಮ್ಮ ದೊಡ್ಡಪ್ಪನ ಮಕ್ಕಳ ಹಾಗೆ," ಎಂದಳು ಅಕ್ಕ. "ಕೋಟು ಎಲ್ಲಪ್ಪಾ?"

ತಮ್ಮ ಪರದೆ ನೋಡಿದ. ಮತ್ತೊಮ್ಮೆ ನೋಡಿದ. ಪರದೆಯ ನಡುವೆ, ಅವನೇ ಆರಿಸಿದ ಚೆಂದದ ಅಕ್ಷರಗಳಲ್ಲಿ, 'ಬಾಕಿ ಬಟ್ಟೆ: ಇಲ್ಲ' ಎಂದಿತ್ತು. ಪರದೆಯ ಪಕ್ಕದಲ್ಲೇ ಸೂರಿನವರೆಗೂ ಬಟ್ಟೆ. ಸಾಲು ಸಾಲು ಹ್ಯಾಂಗರು, ಪ್ಲಾಸ್ಟಿಕ್ಕಿನೊಳಗೆ ಉಸಿರು ಬಿಗಿಹಿಡಿದು ನಿಂತ ಸೀರೆ, ಪ್ಯಾಂಟು, ಕೋಟು. ಫ್ಯಾನಿನ ಗಾಳಿಗೆ ಒಂದಕ್ಕೊಂದು ಉಜ್ಜಿ ಸರಸರ ಅನ್ನುತ್ತಿದ್ದವು.

"ಅದು... ಹಳೇ ಡಬ್ಬಿ ಬಿಸಾಕಿ ಹೊಸ ಡಬ್ಬಿ ಇಟ್ಟೆ," ಎಂದ ತಮ್ಮ ನಿಧಾನವಾಗಿ. "ಬಟ್ಟೆಗಳ ಪಟ್ಟೀನ ಹೊರಗೊಂದು ಫೋಲ್ಡರಲ್ಲಿ ಇಡಬೇಕಿತ್ತು. ಡಬ್ಬಿ ಒಳಗೇ ಉಳ್ಕೊಂಡಿತ್ತು ಅನ್ಸುತ್ತೆ."

"ಅಂದ್ರೆ ಡಬ್ಬಿ ಜೊತೆ ಅದೂ ಹೋಯ್ತು."

"ಡಬ್ಬಿಗೆ ಏನೂ ಆಗಿಲ್ಲ. ಹಸಿರೇ ಇದೆ ನೋಡು."

"ಮತ್ತೆ ಅದ್ಯಾವುದೋ ಬ್ಯಾಕಪ್ಪು?"

ತಮ್ಮ ಕೀಲಿಗಳನ್ನು ಒತ್ತಿದ. ಬ್ಯಾಕಪ್ಪಿನ ಚುಕ್ಕೆಯೂ ಹಸಿರಾಗಿಯೇ ಇತ್ತು. ಈಗಷ್ಟೇ ಅದು ತನ್ನ ಕೆಲಸ ಮುಗಿಸಿ, ಖಾಲಿ ಪಟ್ಟಿಯ ನಕಲನ್ನು ಬಲು ಜೋಪಾನವಾಗಿ ಹಳೆಯ ನಕಲಿನ ಜಾಗದಲ್ಲಿ ಎತ್ತಿಟ್ಟುಕೊಂಡಿತ್ತು.

ಬಟ್ಟೆಗಳ ಮೇಲೆ ಹೆಸರಿರಲಿಲ್ಲ, ನಂಬರಿನ ಚೀಟಿಯಷ್ಟೇ. ಹೆಸರು ಸರ್ವರಿಗೆ ಗೊತ್ತಿರುತ್ತೆ, ನಾವ್ಯಾಕೆ ಬರೆಯೋದು ಎಂದು ತಮ್ಮ ನಿಲ್ಲಿಸಿದ್ದ. ಗಿರಾಕಿಯ ಬಳಿ ನಂಬರೂ ಇರಲಿಲ್ಲ, ಒಂದು ಲಿಂಕ್ ಇತ್ತು. ಒತ್ತಿದರೆ 'ಸುಸ್ವಾಗತ' ಎಂದು ಬಂತು. ಅವರು ಅದನ್ನು ಇನ್ನೂ ಎರಡು ಸಲ ಒತ್ತಿದರು. ಎರಡು ಸಲವೂ ಸ್ವಾಗತ ಸಿಕ್ಕಿತು.

"ಒಂದರ್ಧ ದಿನ ಕೊಡಿ ಸಾರ್, ಹಳೇ ಡಿಸ್ಕಲ್ಲಿ ಹುಡುಕ್ತೀನಿ," ಎಂದ ತಮ್ಮ.

"ಅರ್ಧ ದಿನ ನಾನೆಲ್ಲಿಂದ ತರಲಪ್ಪಾ," ಎಂದರು ಗಿರಾಕಿ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅಕ್ಕನಿಗೆ ಕಷ್ಟವಾದದ್ದು. ಸಿಟ್ಟಾಗಿದ್ದರೆ ಅವಳೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದಳು. ಕೌಂಟರಿನ ಹಲಗೆ ಎತ್ತಿ ದಾರಿ ಬಿಟ್ಟಳು.

"ಒಳಗೆ ಬನ್ನಿ. ನೀವೇ ಹುಡುಕ್ಕೊಳ್ಳಿ."

ಒಳಗಿದ್ದ ಕೋಟುಗಳೆಲ್ಲ ಕಪ್ಪು. ಊರಿನ ಗಂಡಸರೆಲ್ಲ ಒಂದೇ ದಿನ ಒಂದೇ ಅಂಗಡಿಗೆ ಹೋಗಿ ಕೊಂಡುತಂದಂತೆ. ಗಿರಾಕಿ ಒಂದೊಂದನ್ನೇ ಮುಟ್ಟಿ, ಕಾಲರು ತಿರುವಿ, ತೋಳು ಅಳೆದು ನೋಡಿದರು. ಕಣ್ಣು ಆಗಾಗ ಗೋಡೆ ಗಡಿಯಾರಕ್ಕೆ ಹೋಗಿ ಬರುತ್ತಿತ್ತು. ಕೊನೆಗೊಂದನ್ನು ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತರು. ಭುಜಕ್ಕೆ ಸರಿಯಾಗಿ ಕೂತಿತ್ತು. ಬೆನ್ನು ತಾನಾಗಿ ನೆಟ್ಟಗಾಯಿತು. ಕಿವಿಯ ಅಂಚಿನ ಬಣ್ಣ ಕೂಡ ಈಗ ಅಷ್ಟಾಗಿ ಕಾಣುತ್ತಿರಲಿಲ್ಲ.

"ಸಿಕ್ತಾ?" ಎಂದಳು ಅಕ್ಕ.

"ನನ್ನದು ಇಷ್ಟು ಚೆನ್ನಾಗಿರಲಿಲ್ಲಮ್ಮಾ," ಎಂದರು ಅವರು, ಗುಂಡಿ ಹಾಕಿಕೊಳ್ಳುತ್ತ. "ಸಂಜೆಗೆ ತಂದುಕೊಡ್ತೀನಿ."

"ಹೋಗಿಬನ್ನಿ. ಒಳ್ಳೇದಾಗಲಿ."

ತಮ್ಮ ಗಾಬರಿಯಿಂದ ಎದ್ದ. "ಅಕ್ಕಾ, ಅದು ಯಾರ ಕೋಟೋ ಏನೋ. ಹಾಗೆಲ್ಲ ಎತ್ತಿ ಕೊಟ್ಟುಬಿಡೋದಾ?"

"ನಿನ್ನ ಬೋರ್ಡಿನ ಪ್ರಕಾರ ನಮ್ಮ ಅಂಗಡಿಯಲ್ಲಿ ಬಟ್ಟೇನೇ ಇಲ್ಲ ಕಣೋ," ಎಂದಳು ಅಕ್ಕ. "ಇಲ್ಲದ ಕೋಟು ಯಾರದಾದರೇನು?"

ಗಿರಾಕಿ ಕೋಟಿನ ಅಂಚು ಎಳೆದು ಸರಿಮಾಡಿಕೊಂಡು, ಸರಸರನೆ ಮೆಟ್ಟಿಲಿಳಿದು ಬೀದಿಗೆ ಹೊರಟರು. ಮೆಟ್ಟಿಲು ಹತ್ತಿ ಬರುತ್ತಿದ್ದ ಇನ್ನೊಬ್ಬರು, ಕೈಯಲ್ಲಿ ಫೋನು ಹಿಡಿದವರು, ಅವರಿಗೆ ದಾರಿ ಬಿಟ್ಟು, ಎರಡು ಹೆಜ್ಜೆ ಮುಂದೆ ಬಂದು, ಅಂಗಡಿಯ ಹೊಸ್ತಿಲಲ್ಲೇ ನಿಂತು ಹಿಂದಕ್ಕೆ ತಿರುಗಿದರು. ಜನರ ನಡುವೆ ದೂರವಾಗುತ್ತಿದ್ದ ಆ ಕಪ್ಪು ಬೆನ್ನನ್ನು ಕಣ್ಣು ಕಿರಿದು ಮಾಡಿ ನೋಡತೊಡಗಿದರು.