ಕನ್ನಡಿ ಹೇಳಿದ ಫಲಿತಾಂಶ

ಪಂದ್ಯದ ಕೊನೆಯ ನಿಮಿಷ ಶುರುವಾದಾಗ ಕ್ಷೌರಿಕನ ಕತ್ತಿ ಮೇಷ್ಟ್ರ ಗಂಟಲ ಮೇಲಿತ್ತು. "ಕತ್ತಿ ತೆಗಿಯಯ್ಯ, ಮೊದಲು ನಿನ್ನ ಮಗಳು ಗೆಲ್ಲಲಿ, ಆಮೇಲೆ ನನ್ನ ಗಡ್ಡ," ಎಂದರು ಅವರು, ಚಾವಣಿ ನೋಡುತ್ತಲೇ.

ಟಿವಿ ಕ್ಷೌರಿಕನ ಬೆನ್ನ ಹಿಂದಿನ ಗೋಡೆಯಲ್ಲಿತ್ತು. ಇಪ್ಪತ್ತು ವರ್ಷದ ಅಭ್ಯಾಸಬಲದಿಂದ ಅವನು ಅದನ್ನೂ ಕನ್ನಡಿಯಲ್ಲೇ ನೋಡುತ್ತಿದ್ದ. ಅರ್ಹತಾ ಸುತ್ತಿನ ಕಡೆಯ ಫುಟ್‌ಬಾಲ್ ಪಂದ್ಯ, ತಲಾ ಒಂದು ಗೋಲಿನಿಂದ ಸಮ. ಗೆದ್ದರೆ ಮಾತ್ರ ಹುಡುಗಿಯರಿಗೆ ಅಂತರರಾಷ್ಟ್ರೀಯ ಪಂದ್ಯಾವಳಿ. "ದೇವರೇ, ನೀನೇ ನೋಡಿಕೋ," ಎಂದು ಅವನು ಕಣ್ಣು ಮುಚ್ಚಿಕೊಂಡ. ಮೈದಾನ ಹೋ ಎಂದು ಮೊರೆಯಿತು. ಹಿಂದೆಯೇ ಕೊನೆಯ ಸೀಟಿಯೂ ಕೇಳಿಸಿತು.

ಕಣ್ಣು ಬಿಟ್ಟರೆ ಎಡಗಡೆ ಒಂದು, ಬಲಗಡೆ ಎರಡು. ಟಿವಿಯವರು ನಮ್ಮವರ ಅಂಕಿಯನ್ನು ಹಾಕಿದ್ದುದು ಎಡಗಡೆ. "ಹೋಯ್ತು ಮೇಷ್ಟ್ರೇ," ಎಂದು ಅವನು ಕತ್ತಿ ಹಿಡಿದ ಕೈಯನ್ನು ಕೆಳಗಿಳಿಸಿದ.

ಮೇಷ್ಟ್ರು ನೊರೆ ಮೆತ್ತಿದ ಕತ್ತನ್ನು ಹೊರಳಿಸಿ ಗೋಡೆ ನೋಡಿದರು. "ಅಯ್ಯೋ ಮಂಕೇ! ಕನ್ನಡಿಯಲ್ಲಿ ಎಡ ಹೋಗಿ ಬಲ ಆಗಲ್ವೇನೋ? ತಿರುಗು ಹಿಂದೆ!"

ತಿರುಗಿದ. ಎರಡು ನಮ್ಮದೇ! ಗೋಲು ಹೊಡೆದ ಮಗಳು ಗೆಳತಿಯರ ಹೆಗಲೇರಿ ಕುಣಿಯುತ್ತಿದ್ದಳು. ಕತ್ತಿಯನ್ನು ಮೇಜಿಗೆ ಎಸೆದವನೇ ಕ್ಷೌರಿಕ, ಮೇಷ್ಟ್ರನ್ನು ಕುರ್ಚಿ ಸಮೇತ ಬುಗುರಿಯಂತೆ ಗಿರ್ರನೆ ತಿರುಗಿಸಿಬಿಟ್ಟ.